ಶಾಲೆ ಗೇಟಿನಿಂದ 50 ಮೀಟರ್ ಅಳೆಯಿರಿ

ಮಾನ್ಯರೇ,

ಮೊಮ್ಮಗನನ್ನು ಕರೆತರಲು ದಿನಾ ಸಂಜೆ ಸರ್ಕಾರಿ ಶಾಲೆಯ ಹತ್ತಿರ ಹೋಗುತ್ತೇನೆ. ಗೇಟಿನ ಎದುರಿಗೇ ಒಂದು ಪೆಟ್ಟಿಗೆ ಅಂಗಡಿ ಇದೆ. ತೋರಣ ಕಟ್ಟಿದ ಹಾಗೆ ಐದು ರೂಪಾಯಿಯ ತಿಂಡಿ ಪ್ಯಾಕೆಟ್‌ಗಳು ನೇತಾಡುತ್ತಿರುತ್ತವೆ. ಬೆಲ್ ಹೊಡೆದ ಕೂಡಲೇ ಮಕ್ಕಳು ಅಲ್ಲಿ ಮುತ್ತಿಕೊಳ್ಳುತ್ತಾರೆ. ಹೋದ ವಾರ ಮೂರನೇ ಕ್ಲಾಸಿನ ಹುಡುಗನೊಬ್ಬ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು ಒಳಗೆ ಕೈ ಹಾಕಿದ. ಅವನು ಹುಡುಕಿದ್ದು ತಿಂಡಿಯನ್ನಲ್ಲ, ಆಟಿಕೆಯನ್ನು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬುಗುರಿ. ‘ಥೂ, ಇದು ನನ್ ಹತ್ರ ಐತೆ’ ಅಂದ. ತಿಂಡಿಯನ್ನು ಪಕ್ಕದವನ ಕೈಗೆ ಸುರಿದು ಇನ್ನೊಂದು ಪ್ಯಾಕೆಟ್ ಕೇಳಿದ. ಜೇಬಿನಲ್ಲಿದ್ದ ಇನ್ನೊಂದು ಐದರ ನಾಣ್ಯವೂ ಹೋಯಿತು.

ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎಂಟು ವರ್ಷದ ಮಗುವಿಗೆ ಯಾವುದು ತಿಂಡಿ, ಯಾವುದು ಗಾಳ ಅಂತ ಹೇಗೆ ಗೊತ್ತಾಗಬೇಕು?

ಇದನ್ನು ತಡೆಯಲು ನಿಯಮ ಇಲ್ಲದಿಲ್ಲ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ, ಅದರ ಜಾಹೀರಾತೂ ಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲೇ ನಿಯಮ ತಂದಿದೆ. ಉಡುಗೊರೆಯ ಆಸೆ ತೋರಿಸಿ ಮಕ್ಕಳು ಬೇಡದ್ದನ್ನು ಕೊಳ್ಳುವಂತೆ ಮಾಡುವ ಜಾಹೀರಾತಿಗೆ ಉತ್ತೇಜನ ಕೊಡಬಾರದು ಎನ್ನುತ್ತದೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ. ಮಕ್ಕಳ ಚಾನೆಲ್‌ಗಳಲ್ಲಿ ಚಿಪ್ಸ್, ತಂಪು ಪಾನೀಯದ ಜಾಹೀರಾತು ಬರಬಾರದು ಅಂತಲೂ ಅದರಲ್ಲಿದೆ. ಆದರೆ ಮಕ್ಕಳೀಗ ಟೀವಿ ಬಿಟ್ಟು ಮೊಬೈಲ್ ಹಿಡಿದಿದ್ದಾರೆ. ಅಲ್ಲಿ ಆಟಿಕೆ ಡಬ್ಬಿ ಬಿಚ್ಚಿ ತೋರಿಸುವ ವಿಡಿಯೋ ಆಟವೋ ಜಾಹೀರಾತೋ ಅನ್ನುವುದು ದೊಡ್ಡವರಿಗೇ ಗೊತ್ತಾಗುವುದಿಲ್ಲ.

ನನಗೆ ಜಾಸ್ತಿ ಸಂಕಟ ಆಗಿದ್ದು ಬೇರೆ ವಿಷಯಕ್ಕೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ: ಮಕ್ಕಳು ತಿನ್ನುವ ಸಹಜ, ಸಾಂಪ್ರದಾಯಿಕ ಆಹಾರಕ್ಕಿಂತ ತಮ್ಮ ಮಾಲೇ ಮೇಲು ಎಂಬ ಭಾವನೆಯನ್ನು ಜಾಹೀರಾತು ಮೂಡಿಸಬಾರದು. 2024ರಿಂದ ನಮ್ಮ ಶಾಲೆಗಳಲ್ಲಿ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಿದ್ದಾರೆ. ತುಂಬಾ ಒಳ್ಳೆಯ ಕೆಲಸ. ನಮ್ಮ ಬೀದಿಯ ಹುಡುಗಿ ಮಾತ್ರ ಅದನ್ನು ನಲ್ಲಿ ಹತ್ತಿರ ಚೆಲ್ಲಿ ಬರುತ್ತಾಳಂತೆ. ಯಾಕಮ್ಮಾ ಅಂದೆ. ‘ರಾಗಿ ಕುಡಿದ್ರೆ ಕಪ್ಪಾಗ್ತಾರೆ ಅಜ್ಜಿ. ಟೀವೀಲಿ ಬರೋ ಪುಡಿ ಕುಡಿದ್ರೇ ಎತ್ತರ ಆಗೋದು’ ಅಂದಳು. ಅವರಪ್ಪ ಎರಡು ಎಕರೆಯಲ್ಲಿ ರಾಗಿ ಬೆಳೆಯುವವರು. ಅಮ್ಮ ಗಾರ್ಮೆಂಟ್ಸ್ ಕೆಲಸದ ದುಡ್ಡಲ್ಲಿ ಆ ಪುಡಿಯ ಡಬ್ಬಿ ತರುತ್ತಾರೆ. ‘ಹೆಲ್ತ್ ಡ್ರಿಂಕ್’ ಅನ್ನುವುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವನ್ನೇ ಕೊಟ್ಟಿಲ್ಲ. ಇಂಥ ಪುಡಿಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಆ ತಾಯಿಗೆ ಇದನ್ನು ಯಾರೂ ತಿಳಿಸಿಲ್ಲ. ಜಾಹೀರಾತು ಮಾತ್ರ ದಿನಾ ಮನೆಗೆ ಬರುತ್ತದೆ.

ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು ನಮ್ಮ ಶಾಲೆಯ ಗೋಡೆ ಮೇಲೆ ಬರೆಸಿದ್ದಾರೆ. ಅದರ ಕೆಳಗೆ ಈ 50 ಮೀಟರ್ ನಿಯಮವನ್ನೂ ಬರೆಸಲಿ. ಆಹಾರ ಸುರಕ್ಷತಾ ಅಧಿಕಾರಿಗಳು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಒಂದು ಸಂಜೆ ಟೇಪ್ ಹಿಡಿದು ಬರಲಿ. ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯಿರಿ ಅಂತ ನಾನು ಹೇಳುತ್ತಿಲ್ಲ. ನಾನು ಪಾಠ ಮಾಡುವಾಗ ಇಂಥದೇ ಗೇಟಿನ ಮುಂದೆ ಒಬ್ಬ ಅಜ್ಜಿ ಸೀಬೆಕಾಯಿಗೆ ಉಪ್ಪು ಖಾರ ಸವರಿ ಮಾರುತ್ತಿದ್ದರು. ಹುರಿದ ಕಡಲೆಕಾಯಿಯನ್ನೂ ಪಾವಿನಲ್ಲಿ ಅಳೆದು ಕೊಡುತ್ತಿದ್ದರು. ಬುಟ್ಟಿ ಖಾಲಿ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು. ಈ ಅಂಗಡಿಯವರಿಗೂ ಅಂಥ ವ್ಯಾಪಾರಕ್ಕೆ ಎಸ್‌ಡಿಎಂಸಿಯವರು ನಾಲ್ಕು ಕಾಸಿನ ಸಹಾಯ ಮಾಡಬಹುದು, ಅಲ್ವಾ?

ಅಳೆಯಲು ಯಾರು ಬಂದರೂ ಟೇಪಿನ ಒಂದು ತುದಿ ನಾನು ಹಿಡಿಯುತ್ತೇನೆ. ಸಂಜೆ ನಾಲ್ಕೂಕಾಲಿಗೆ ಗೇಟಿನ ಹತ್ತಿರವೇ ಇರುತ್ತೇನೆ.

– ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ