ನನ್ನ ತಾಂಡೇಲರಿಗೆ, ಅಪ್ಪಯ್ಯನ ಗಂಟಿಗೆ

ಜನವರಿಯ ಕೊನೆಯ ಶನಿವಾರ ಸಂಜೆ 6 ಗಂಟೆ 20 ನಿಮಿಷಕ್ಕೆ, ಪೂರ್ತಿ ಕತ್ತಲಾದ ಮೇಲೆ, 22 ಅಡಿಯ ಒಂದು ಹಳೆಯ ಹಾಯಿದೋಣಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಯಾಟ್ ಕ್ಲಬ್ಬಿನ ಎದುರು ಗೆರೆ ದಾಟಿತು. ಅದರಲ್ಲಿದ್ದ ಇಬ್ಬರಲ್ಲಿ ನಾನೊಬ್ಬ. ಕಳೆದ ಎರಡು ವರ್ಷವೂ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ‘ಮುಗಿಸಲಿಲ್ಲ’ ಎಂದಿತ್ತು. ಈ ಸಲ ಅಲ್ಲಿ ಗಂಟೆ, ನಿಮಿಷ, ಸೆಕೆಂಡು ಇವೆ. ಎಷ್ಟನೆಯ ಸ್ಥಾನ ಎಂದು ಮಾತ್ರ ದಯವಿಟ್ಟು ಯಾರೂ ಕೇಳಬೇಡಿ.

ಪಂದ್ಯದ ಹೆಸರೇ ತ್ರೀ ಬ್ರಿಡ್ಜ್ ಫಿಯಾಸ್ಕೊ. ಎಡವಟ್ಟಾಗುತ್ತದೆ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪಂದ್ಯ ಇದೊಂದೇ ಇರಬೇಕು. ದೋಣಿಗೆ ಒಬ್ಬರು ಇಲ್ಲವೇ ಇಬ್ಬರು; ಮೂರನೆಯವರಿಗೆ ಅವಕಾಶವಿಲ್ಲ. ಗೋಲ್ಡನ್ ಗೇಟ್ ಸೇತುವೆಯ ಹತ್ತಿರ ತೇಲುವ ಒಂದು ಗುರುತು, ಬೇ ಬ್ರಿಡ್ಜ್ ಹಾದುಹೋಗುವ ದ್ವೀಪ, ಉತ್ತರದಲ್ಲಿ ರಿಚ್ಮಂಡ್ ಸೇತುವೆಯ ಪಕ್ಕದ ರೆಡ್ ರಾಕ್ ಎಂಬ ಬಂಡೆ, ಈ ಮೂರನ್ನೂ ಸುತ್ತಿ ಬರಬೇಕು. ಸುಮಾರು 21 ಮೈಲಿ. ಯಾವುದು ಮೊದಲು, ಯಾವ ದಿಕ್ಕಿನಿಂದ ಎಂಬುದು ನಿಮ್ಮಿಷ್ಟ. ನಿಧಾನದ ದೋಣಿಗಳು ಮೊದಲು ಹೊರಡುತ್ತವೆ, ವೇಗದವು ಆಮೇಲೆ. ಕೆಲವು ವರ್ಷ ಮುನ್ನೂರಕ್ಕೂ ಹೆಚ್ಚು ದೋಣಿಗಳು ಸೇರುತ್ತವೆ. ಒಂದೇ ಪಂದ್ಯದಲ್ಲಿರುವವರು ಎದುರುಬದುರು ಬಂದು ಕೈಬೀಸಿ ಹೋಗುತ್ತಾರೆ. ಯಾರು ಮುಂದೆ, ಯಾರು ಹಿಂದೆ ಎಂದು ಸಂಜೆಯವರೆಗೆ ಪತ್ತೆಯಾಗುವುದಿಲ್ಲ. ಏಳು ಗಂಟೆಯೊಳಗೆ ಬಾರದಿದ್ದರೆ ಲೆಕ್ಕಕ್ಕಿಲ್ಲ.

ಮೊದಲ ಕೃತಜ್ಞತೆ ದೋಣಿಯ ಯಜಮಾನಿಗೆ. ಎಪ್ಪತ್ತೊಂದು ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಹೆಸರು ಬರೆಯಬೇಡ ಎಂದಿದ್ದಾರೆ. ನಮ್ಮ ಗಂಗೊಳ್ಳಿಯಲ್ಲಿ ದೋಣಿ ನಡೆಸುವವರನ್ನು ತಾಂಡೇಲ ಎನ್ನುತ್ತಾರೆ. ಮನೆಯಲ್ಲಿ ನಾನು ಅವರನ್ನು ಹಾಗೆಯೇ ಕರೆಯುವುದು. ಸುಮಾರು ಮೂರು ವರ್ಷದ ಹಿಂದೆ, ಹತ್ತೊಂಬತ್ತು ವರ್ಷ ಮಾಡಿದ ಕೆಲಸ ಬೆಳಗಿನ ಒಂದು ಇಮೇಲಿನಲ್ಲಿ ಹೋದ ಮೇಲೆ, ನಾನು ಬರ್ಕ್ಲಿಯ ದೋಣಿಕಟ್ಟೆಯಲ್ಲಿ ದಿನಾ ಕಾಲೆಳೆದುಕೊಂಡು ತಿರುಗುತ್ತಿದ್ದೆ. ಹಾಯಿ ಮಡಿಸುತ್ತಿದ್ದ ಅವರು ತಲೆ ಎತ್ತಿ, “ಇದರ ಆ ತುದಿ ಹಿಡಿ” ಎಂದರು. ಹಿಡಿದೆ. “ಶುಕ್ರವಾರ ಸಂಜೆ ಬಿಡುವಿದೆಯೇ?” ಎಂದು ಕೇಳಿದರು. ಬಿಡುವು! ನನ್ನ ಹತ್ತಿರ ಇದ್ದದ್ದೇ ಅದೊಂದು.

ಅದಕ್ಕೂ ಮೊದಲು ಒಮ್ಮೆ ಸಹೋದ್ಯೋಗಿಯೊಬ್ಬರ ದೊಡ್ಡ ದೋಣಿಯಲ್ಲಿ ಪಂದ್ಯಕ್ಕೆ ಹೋಗಿದ್ದೆ. ಹತ್ತು ಜನ. ದೋಣಿ ವಾಲಿದಾಗ ಎತ್ತರದ ಅಂಚಿಗೆ ಹೋಗಿ ಸಾಲಾಗಿ ಕೂರುವುದೇ ನನ್ನ ಪಾಲಿನ ಕೆಲಸ, ಅಂದರೆ ಮರಳಿನ ಚೀಲದ ಕೆಲಸ. ಇಬ್ಬರ ದೋಣಿಯಲ್ಲಿ ಈ ಆರಾಮವಿಲ್ಲ. ಅವರು ಚುಕ್ಕಾಣಿ ಹಿಡಿದರೆ ಉಳಿದದ್ದೆಲ್ಲ ನನ್ನದು: ಮುಂದಿನ ಹಾಯಿಯ ಹಗ್ಗ, ಸ್ಪಿನೇಕರ್ ಎಂಬ ದೊಡ್ಡ ಹೊಟ್ಟೆಯ ಹಾಯಿ, ನಕ್ಷೆ, ನೀರಿನ ಸೆಳೆತದ ಲೆಕ್ಕ, ಚಹಾ. ನಾನು ಹಗ್ಗವನ್ನು ಒಂದು ಗೇಣು ಹೆಚ್ಚು ಎಳೆದರೆ ಚುಕ್ಕಾಣಿಯಲ್ಲಿ ಅವರ ಕೈಗೆ ಅದು ತಿಳಿಯುತ್ತದೆ. ಗಾಳಿ ಕಡಿಮೆಯಾದಾಗ ಹಾಯಿ ಜೋತುಬೀಳದಂತೆ ದೋಣಿಯನ್ನು ಬೇಕೆಂದೇ ಗಾಳಿಯ ಮರೆಯ ಕಡೆಗೆ ವಾಲಿಸಿ ಕೂರಬೇಕು, ಮಿಸುಕಬಾರದು. ಫ್ಲಾಸ್ಕ್ ತೆಗೆದುಕೊಳ್ಳಲೂ ಅಪ್ಪಣೆ ಕೇಳಬೇಕು. ಹಾಯಿಗೆ ಅಂಟಿಸಿದ ಉಣ್ಣೆಯ ದಾರ ಸೆಟೆದು ಹಿಂದಕ್ಕೆ ಹಾರುತ್ತಿದೆಯೇ ಎಂದು ಇಬ್ಬರೂ ನೋಡುತ್ತ ಅರ್ಧ ಗಂಟೆ ಮಾತಿಲ್ಲದೆ ಕುಳಿತದ್ದಿದೆ. ಅಷ್ಟು ಹಿತವಾದ ಮೌನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆ ಎರಡು ವರ್ಷ ಸಂದರ್ಶನಗಳಲ್ಲಿ ನನ್ನ ಬಗ್ಗೆ ನಾನೇ ಮಾತಾಡಿ ಮಾತಾಡಿ ಸಾಕಾಗಿತ್ತು.

ಈ ಸಲ ಬೆಳಗಿನ ಇಳಿತದಲ್ಲಿ ಮೊದಲು ಪಶ್ಚಿಮದ ಗುರುತು, ಆಮೇಲೆ ದ್ವೀಪ, ಮಧ್ಯಾಹ್ನದ ಉಬ್ಬರದ ಜೊತೆ ರೆಡ್ ರಾಕ್, ಸಂಜೆಯ ಇಳಿತದಲ್ಲಿ ಮನೆ ಎಂದು ಲೆಕ್ಕ ಹಾಕಿದ್ದೆವು. ಗೋಲ್ಡನ್ ಗೇಟ್ ಎಂದರೆ ಒಂದು ಅಳಿವೆಯೇ ತಾನೇ. ಪಂಚಗಂಗಾವಳಿಯ ಅಳಿವೆಯಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು. ಹಿಂದಿನ ಎರಡು ಸಲ ಗಾಳಿಯನ್ನು ನಂಬಿ ನೀರನ್ನು ಮರೆತಿದ್ದೆ. ಎರಡು ಗಂಟೆಗೆ ಬಂಡೆ ಸುತ್ತಿದೆವು. ಅಲ್ಲಿಗೆ ಗಾಳಿ ಸತ್ತಿತು. ಉಬ್ಬರ ಇನ್ನೂ ಮುಗಿದಿರಲಿಲ್ಲ. ಸುತ್ತಲಿನ ದೋಣಿಗಳು ಹಾಯಿ ಬಿಚ್ಚಿಕೊಂಡೇ, ಬಹಳ ಗಂಭೀರವಾಗಿ, ಹಿಂದು ಹಿಂದಕ್ಕೆ ಸೇತುವೆಯ ಕಡೆ ತೇಲತೊಡಗಿದವು. ತಾಂಡೇಲರು “ಲಂಗರು” ಎಂದರು. ನಿಯಮ ಅದನ್ನು ಒಪ್ಪುತ್ತದೆ, ಹೊರಡುವಾಗ ಎತ್ತಿಕೊಳ್ಳಬೇಕು ಅಷ್ಟೆ.

ಲಂಗರಿನ ಹಗ್ಗ ಗಿಡ್ಡವಾಯಿತು. ಸ್ಪಿನೇಕರ್‌ನ ಹಗ್ಗ ಬಿಚ್ಚಿ ಜೋಡಿಸಬೇಕು. ಒಂದು ದಪ್ಪ, ಒಂದು ಸಪೂರ. ಎರಡಕ್ಕೂ ಹೊಂದುವ ಗಂಟಿಗೆ ಇಲ್ಲಿನವರು ಶೀಟ್ ಬೆಂಡ್ ಎನ್ನುತ್ತಾರೆ. ಮೊದಲ ವರ್ಷ ತಾಂಡೇಲರು ಅದನ್ನು ಕಲಿಸಲು ಹೊರಟಾಗ ನನ್ನ ಬೆರಳುಗಳು ಆಗಲೇ ಕಟ್ಟಿ ಮುಗಿಸಿದ್ದವು. ಅದು ಬಲೆಯ ಕಣ್ಣಿಗೆ ಹಾಕುವ ಗಂಟು. ಅಪ್ಪಯ್ಯ ಜಗಲಿಯಲ್ಲಿ ಬಲೆ ಸರಿಮಾಡುವಾಗ ಪಕ್ಕದಲ್ಲಿ ಕುಳಿತು ನೂರಾರು ಹಾಕಿದ್ದೇನೆ. ‘ಇದು ನನಗೇ ಸಾಕು, ನೀನು ಓದು, ಕಡಲಿಗೆ ಇಳಿಯಬೇಡ’ ಎಂದು ಬೈಯುತ್ತಲೇ ಅವರು ನೂಲನ್ನು ನನ್ನ ಕಡೆ ಸರಿಸುತ್ತಿದ್ದರು.

ಆ ಗಂಟಿನ ಮೇಲೆ ಒಂದೂಮುಕ್ಕಾಲು ಗಂಟೆ ನಿಂತೆವು. ನಿಂತಲ್ಲೇ ನಿಂತು ನಲವತ್ತು ದೋಣಿಗಳನ್ನಾದರೂ ಹಿಂದೆ ಹಾಕಿದೆವು. ಜೀವನದಲ್ಲಿ ಇಷ್ಟು ಸುಖವಾಗಿ ನಾನು ಯಾರನ್ನೂ ಹಿಂದೆ ಹಾಕಿದ್ದಿಲ್ಲ. ತಾಂಡೇಲರು ಗೋಳಿಬಜೆ ತಿನ್ನುತ್ತ, ಇದರೊಳಗಿನ ಹಸಿರು ಚೂರು ಏನು ಎಂದು ಕೇಳಿದರು. ಮೆಣಸಿನಕಾಯಿ ಎನ್ನುವಷ್ಟರಲ್ಲಿ ತಡವಾಗಿತ್ತು.

ಆ ಗೋಳಿಬಜೆಯನ್ನು ಬೆಳಗಿನ ಐದಕ್ಕೆ ಎದ್ದು ಕರಿದವಳು ನನ್ನ ಹೆಂಡತಿ. ಕೆಲಸವಿಲ್ಲದವನಿಗೆ ದೋಣಿ ಬೇರೆ ಎಂದು ನಮ್ಮವರೇ ಆಡಿಕೊಂಡಾಗ, ಅವನು ಮನೆಯಲ್ಲಿ ಕೂತು ನನ್ನ ತಲೆ ತಿನ್ನುವುದಕ್ಕಿಂತ ಅದೇ ವಾಸಿ ಎಂದವಳೂ ಅವಳೇ. ಆ ಕಾಲದಲ್ಲಿ ಮನೆ ನಡೆದದ್ದು ಅವಳ ಸಂಬಳದಲ್ಲಿ. ಈಗ ನನಗೂ ಕೆಲಸ ಸಿಕ್ಕಿದೆ, ಸಂಬಳ ಮೊದಲಿನಷ್ಟಿಲ್ಲ. ಆ ಕಥೆ ಇಲ್ಲಿ ಬೇಡ.

ಪಂದ್ಯ ನಡೆಸುವ ಸಿಂಗಲ್‌ಹ್ಯಾಂಡೆಡ್ ಸೇಲಿಂಗ್ ಸೊಸೈಟಿಯ ಸ್ವಯಂಸೇವಕರಿಗೆ, ಚಳಿಯಲ್ಲಿ ಕುಳಿತು ನಮ್ಮಂಥ ಕೊನೆಯವರ ಹಾಯಿಯ ಸಂಖ್ಯೆಯನ್ನೂ ಟಾರ್ಚ್ ಬೆಳಕಿನಲ್ಲಿ ಬರೆದುಕೊಂಡದ್ದಕ್ಕೆ, ಧನ್ಯವಾದ. ತನ್ನ ಹಳೆಯ ಜಲನಿರೋಧಕ ಕೋಟು ಕೊಟ್ಟ ಪಕ್ಕದ ಕಟ್ಟೆಯವನಿಗೂ. ಕೋಟು ವಾಪಸ್ ಕೊಡುತ್ತೇನೆ.

ದೋಣಿ ಕಟ್ಟಿ ಫೋನು ಹಚ್ಚಿದಾಗ ಗಂಗೊಳ್ಳಿಯಲ್ಲಿ ಭಾನುವಾರ ಬೆಳಗಿನ ಒಂಬತ್ತು. ಅಪ್ಪಯ್ಯನಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬಂದಿರಿ. ಮೀನು ಎಷ್ಟು ಸಿಕ್ಕಿತು ಮಾರಾಯ?” ಎಂದರು. ಮೀನಿಗೆ ಹೋದದ್ದಲ್ಲ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆ ಗಂಟು ಜಾರಿತಾ?” ಎಂದು ಕೇಳಿದರು.

“ಇಲ್ಲ ಅಪ್ಪಯ್ಯ.”

“ಮತ್ತೆ!” ಎಂದರು.