ಹಿಮ ಬೀಳುವ ಟೋಕಿಯೋದಲ್ಲಿ ಗಿನ್ ಹೇಳಿದ ಸುಳ್ಳು

ಪ್ರಿಯ ಶ್ರೀಧರ,

ಸತೋಶಿ ಕೋನ್ ನಿರ್ದೇಶಿಸಿದ ‘ಟೋಕಿಯೋ ಗಾಡ್‌ಫಾದರ್ಸ್’ ಎಂಬ ಜಪಾನೀ ಆನಿಮೇಷನ್ ಚಿತ್ರವನ್ನು ನಿನ್ನೆ ರಾತ್ರಿ ಮೂರನೆಯ ಸಲ ನೋಡಿದೆ. ಅದರಲ್ಲಿ ಗಿನ್ ಎಂಬಾತ ಹೇಳುವ ಒಂದು ಸುಳ್ಳು ಬೆಳಗಿನಿಂದಲೂ ಮನಸ್ಸನ್ನು ಬಿಡದಿರುವುದರಿಂದ ನಿನಗೆ ಬರೆಯಲು ಕುಳಿತಿದ್ದೇನೆ.

ಚಿತ್ರ ಬಂದದ್ದು 2003ರಲ್ಲಿ. ಕುಡಿತಕ್ಕೆ ಬಿದ್ದ ನಡುವಯಸ್ಸಿನ ಗಿನ್, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಹಾನಾ, ಮನೆಬಿಟ್ಟು ಬಂದ ಹುಡುಗಿ ಮಿಯುಕಿ, ಈ ಮೂವರು ಟೋಕಿಯೋದ ಬೀದಿಯಲ್ಲಿ ಒಂದೇ ಸೂರಿನಡಿ ಎನ್ನುವಂತೆ ಬಾಳುತ್ತಿದ್ದಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಕಸದ ರಾಶಿಯಲ್ಲಿ ಅವರಿಗೊಂದು ಹಸುಗೂಸು ಸಿಗುತ್ತದೆ. ಜಪಾನಿನಲ್ಲಿ ಕ್ರಿಸ್‌ಮಸ್ ರಜೆಯ ದಿನವಲ್ಲ. ಅದು ಹೆಚ್ಚಾಗಿ ಪ್ರೇಮಿಗಳ ಹಾಗೂ ಕೇಕಿನ ಹಬ್ಬ. ಮನೆಮಂದಿಯೆಲ್ಲ ಒಂದೆಡೆ ಸೇರುವುದು ಹೊಸ ವರ್ಷಕ್ಕೆ. ಕಥೆ ನಡೆಯುವುದು ಈ ಎರಡರ ನಡುವಣ ವಾರದಲ್ಲಿ, ಅಂದರೆ ಊರಿನವರೆಲ್ಲ ಮನೆಯ ದಾರಿ ಹಿಡಿಯುವ ಹೊತ್ತಿನಲ್ಲಿ, ಮನೆಯೇ ಇಲ್ಲದವರು ಮಗುವಿನ ಮನೆಯನ್ನು ಹುಡುಕುತ್ತಾ ಅಲೆಯುತ್ತಾರೆ.

ಮಗುವನ್ನು ಪೊಲೀಸರಿಗೆ ಒಪ್ಪಿಸೋಣವೆಂದು ಗಿನ್ ಹೇಳಿದರೆ ಹಾನಾ ಒಪ್ಪುವುದಿಲ್ಲ. ಹೆತ್ತ ತಾಯಿಯನ್ನು ಕಾಣದೆ ಬೆಳೆದ ಅವಳು, ಈ ಮಗುವಿನ ತಾಯಿಯನ್ನು ಹುಡುಕಿ, ಏಕೆ ಬಿಟ್ಟೆ ಎಂದು ಎದುರಿಗೆ ನಿಂತು ಕೇಳಬೇಕೆನ್ನುತ್ತಾಳೆ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಆ ಪ್ರಶ್ನೆಯ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಮಗುವಿಗೆ ಕಿಯೊಕೊ ಎಂದು ಹೆಸರಿಡುವವಳೂ ಅವಳೇ.

ಈಗ ಗಿನ್‌ನ ಸುಳ್ಳಿಗೆ ಬರುತ್ತೇನೆ. ತಾನು ಸೈಕಲ್ ಪಂದ್ಯಗಳ ಓಟಗಾರನಾಗಿದ್ದೆನೆಂದೂ ತನ್ನ ಹೆಂಡತಿ, ಮಗಳು ತೀರಿಕೊಂಡರೆಂದೂ ಅವನು ಹೇಳಿಕೊಳ್ಳುತ್ತಾನೆ. ನಿಜವಾಗಿ ಅವನು ಸೈಕಲ್ ಅಂಗಡಿ ಇಟ್ಟಿದ್ದವನು. ಜೂಜಾಡಿ, ಸಾಲ ಮಾಡಿ, ಮನೆಯವರಿಗೆ ಮುಖ ತೋರಿಸಲಾರದೆ ಓಡಿಬಂದವನು. ಹೆಂಡತಿಯೂ ಬದುಕಿದ್ದಾಳೆ, ಮಗಳೂ ಬದುಕಿದ್ದಾಳೆ, ಆ ಮಗಳ ಹೆಸರೂ ಕಿಯೊಕೊ. ಬದುಕಿರುವವರನ್ನು ಬಾಯಿಮಾತಿನಲ್ಲಿ ಸಾಯಿಸಿ, ಆ ದುಃಖಕ್ಕೆ ಕುಡಿಯುತ್ತಿದ್ದೇನೆಂದು ಹೇಳಿಕೊಳ್ಳುವುದು, ತಾನೇ ಅವರನ್ನು ತೊರೆದೆನೆಂದು ಒಪ್ಪಿಕೊಳ್ಳುವುದಕ್ಕಿಂತ ಅವನಿಗೆ ಸುಲಭವಾಗಿತ್ತು. ಮೊದಲ ಸಲ ನೋಡಿದಾಗ ನನಗೆ ಅವನ ಮೇಲೆ ಕೋಪ ಬಂದಿತ್ತು. ನಿನ್ನೆ ಮಾತ್ರ, ದಿನಬೆಳಗಾದರೆ ತನ್ನವರಿಗೆ ಮತ್ತೆ ಮತ್ತೆ ತಿಥಿ ಮಾಡುತ್ತಾ ಬದುಕುವುದು ಎಂತಹ ಶಿಕ್ಷೆಯೆಂದು ಯೋಚಿಸುತ್ತಾ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮಿಯುಕಿಯ ಸಂಕಟವೂ ಇದರ ಹತ್ತಿರದ್ದೇ. ತಂದೆಗೆ ಚಾಕುವಿನಿಂದ ಇರಿದು ಮನೆಬಿಟ್ಟ ಅವಳು, ಹಿಮಕ್ಕೆ ರೈಲು ನಿಂತಾಗ ಪಕ್ಕದ ರೈಲಿನಲ್ಲಿ ಅದೇ ತಂದೆಯನ್ನು ಕಂಡು, ಕಿಟಕಿಯಿಂದ ಹೊರಬಿದ್ದು ಓಡುತ್ತಾಳೆ.

ಈ ಮೂವರ ಕುಟುಂಬವನ್ನು ಕೋನ್ ಎಲ್ಲಿಯೂ ಸಿಹಿಯಾಗಿ ಚಿತ್ರಿಸುವುದಿಲ್ಲ. ಅವರು ಸದಾ ಜಗಳವಾಡುತ್ತಾರೆ, ಚುಚ್ಚಿ ಮಾತನಾಡುತ್ತಾರೆ, ಮುನಿಸಿಕೊಂಡು ಬೇರೆಯಾಗುತ್ತಾರೆ. ಆದರೂ ಮಗುವಿಗೆ ಹಾಲು ಕುಡಿಸುವ, ಬಟ್ಟೆ ಬದಲಿಸುವ ಹೊತ್ತಿಗೆ ಮತ್ತೆ ಒಂದಾಗಲೇಬೇಕಾಗುತ್ತದೆ. ಕಥೆಯಲ್ಲಿ ಆಕಸ್ಮಿಕಗಳು ಅತಿಯಾದವೆಂದು ನಿನಗೆ ಅನ್ನಿಸಬಹುದು; ಹೋದಲ್ಲೆಲ್ಲ ಯಾವುದೋ ಹಳೆಯ ನಂಟು ಎದುರಾಗುತ್ತದೆ. ನನಗೆ ಅದು ದೋಷವೆನಿಸುವುದಿಲ್ಲ. 1996ರಲ್ಲಿ ಟೋಕಿಯೋದ ಶಿಂಜುಕು ರೈಲು ನಿಲ್ದಾಣದ ಪಶ್ಚಿಮ ಭಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ಮನೆ ಕಟ್ಟಿಕೊಂಡಿದ್ದ ನಿರ್ಗತಿಕರನ್ನು ಆಡಳಿತ ಎಬ್ಬಿಸಿ ಕಳಿಸಿತ್ತು. ಯಾರೂ ಕಣ್ಣೆತ್ತಿ ನೋಡದ ಅಂಥವರ ಕಡೆಗೆ ವಿಧಿಯೇ ಒಂದು ವಾರ ಕಣ್ಣಿಟ್ಟು ನೋಡಿದರೆ ಹೇಗಿರುತ್ತದೆಂದು ಕೋನ್ ಕಲ್ಪಿಸಿಕೊಂಡಂತಿದೆ. ಹಿನ್ನೆಲೆಯ ಕಟ್ಟಡಗಳ ಕಿಟಕಿ, ದೀಪಗಳು ಕೂಡ ಅಲ್ಲಲ್ಲಿ ಮುಖಗಳಂತೆ ಕಾಣುತ್ತವೆ.

ಕೋನ್ 2010ರಲ್ಲಿ, 46ನೆಯ ವಯಸ್ಸಿನಲ್ಲಿ, ನಾಲ್ಕೇ ಪೂರ್ಣಪ್ರಮಾಣದ ಚಿತ್ರಗಳನ್ನು ಮುಗಿಸಿ ತೀರಿಕೊಂಡರು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗಿನ್ ತನ್ನ ಮಗಳನ್ನು ಆಸ್ಪತ್ರೆಯಲ್ಲಿ ಎದುರುಗೊಳ್ಳುವ ದೃಶ್ಯದ ಬಗ್ಗೆ ಬೇಕೆಂದೇ ಬರೆದಿಲ್ಲ. ಡಿಸೆಂಬರಿನಲ್ಲಿ ನೀನು ಬಂದಾಗ ಒಟ್ಟಿಗೆ ನೋಡೋಣ. ಅದರ ಅವಧಿ ಬರೀ 92 ನಿಮಿಷ. ಊಟ ಮುಗಿಸಿ ಕುಳಿತರೂ ಮಾತಿಗೆ ರಾತ್ರಿ ಉಳಿದಿರುತ್ತದೆ.

ನಿನ್ನ,
ರಘು