48 ಮಣೆ ಮುಗಿಯಿತು, ನಿಮಗೆಲ್ಲ ಕೈ ಮುಗಿದೆ

ಮೊನ್ನೆ ಶನಿವಾರ ಸಂಜೆ 48ನೇ ಮಣೆಗೆ ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿಟ್ಟೆ. ಎಲ್ಲವೂ ಹಲಸಿನ ಮರದ್ದು. ದೇವಸ್ಥಾನದ ಊಟದ ಪಂಕ್ತಿಗೆ. ಹೋದ ವರ್ಷ ಮೇ ತಿಂಗಳಲ್ಲಿ ಕೆಲಸ ಒಪ್ಪಿಕೊಂಡಾಗ ಎರಡು ತಿಂಗಳು ಸಾಕು ಅಂದಿದ್ದೆ. ಒಂಬತ್ತು ತಿಂಗಳು ಹಿಡಿಯಿತು. ಈ ಒಂಬತ್ತು ತಿಂಗಳು ನನ್ನ ಜೊತೆ ನಿಂತವರಿಗೆ ಬಾಯಲ್ಲಿ ಹೇಳಿದ್ದು ಸಾಕಾಗಲಿಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನ್ನದು ಉಡುಪಿ ಹತ್ತಿರದ ಉದ್ಯಾವರದಲ್ಲಿ ಒಂದು ಸಣ್ಣ ಮರಗೆಲಸದ ಶೆಡ್. ನಾನು, ಒಬ್ಬ ಹುಡುಗ, ಇಷ್ಟೇ. ಜೂನ್ ಮೊದಲ ವಾರ ನನ್ನ ಬಲ ಹೆಗಲು ಹಿಡಿದುಕೊಂಡಿತು. ಮೊದಮೊದಲು ರಾತ್ರಿ ಮಾತ್ರ ನೋವು. ಆಮೇಲೆ ಕೈ ಮೇಲೆ ಏಳಲೇ ಇಲ್ಲ. ಅಂಗಿ ಹಾಕಿಕೊಳ್ಳಲಿಕ್ಕೂ ಹೆಂಡತಿ ಬೇಕಾಯಿತು. ಡಾಕ್ಟರಮ್ಮ ಫ್ರೋಜನ್ ಶೋಲ್ಡರ್ ಅಂದರು. ಗುಣ ಆಗುತ್ತದೆ, ಆದರೆ ವರ್ಷದ ಮೇಲೆ ಹಿಡಿಯಬಹುದು, ಅಲ್ಲಿಯವರೆಗೆ ಉಜ್ಜುವ ಕೆಲಸ ಬೇಡ ಅಂತ ಖಡಾಖಂಡಿತ ಹೇಳಿದರು.

ಉಜ್ಜುವ ಕೆಲಸ ಬಿಟ್ಟರೆ ಮಣೆಯಲ್ಲಿ ಇನ್ನೇನಿದೆ? ಹಲಸಿನ ಮರದ ಸ್ವಭಾವ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಅದರ ನಾರು ಒಂದು ಬೆರಳಗಲ ಹೀಗೆ ಓಡಿದರೆ ಪಕ್ಕದ ಬೆರಳಗಲ ಹಾಗೆ ಓಡುತ್ತದೆ. ಕೀಸುಳಿ ಹಿಡಿದರೆ ಒಂದು ಪಟ್ಟಿ ಕನ್ನಡಿಯ ಹಾಗೆ ಬರುತ್ತದೆ, ಪಕ್ಕದ ಪಟ್ಟಿ ಕಿತ್ತು ಸಿಬಿರು ಏಳುತ್ತದೆ. ಮೆಷಿನ್ ಪ್ಲೇನರಿಗೆ ಕೊಟ್ಟರೂ ಅದೇ ಕಥೆ. ಕೊನೆಗೆ ಸ್ಯಾಂಡ್ ಪೇಪರ್ ಹೊಡೆದೇ ಸರಿ ಮಾಡಬೇಕು. ಒರಟಿನಿಂದ ನುಣುಪಿಗೆ 80, 120, 180 ನಂಬರಿನ ಮೂರು ಪೇಪರ್. ಒಂದು ಮಣೆಗೆ ಒಂದು ಗಂಟೆಗಿಂತ ಜಾಸ್ತಿ. ಅಂಥ 48 ಮಣೆ.

ಡ್ರಮ್ ಸ್ಯಾಂಡರ್ ಮಾಡುವ ಯೋಚನೆ ಬಂದದ್ದು ಆಗ. ತಿರುಗುವ ಒಂದು ಉರುಳೆ, ಅದಕ್ಕೆ ಸುತ್ತಿದ ಸ್ಯಾಂಡ್ ಪೇಪರ್, ಕೆಳಗೆ ಏರಿಸಿ ಇಳಿಸುವ ಮೇಜು. ಮರವನ್ನು ನಡುವೆ ತಳ್ಳಿದರೆ ನಾರು ಯಾವ ಕಡೆ ಓಡಲಿ, ಸಮವಾಗಿ ಬರುತ್ತದೆ. ಕಿತ್ತು ಬರುವ ಪ್ರಶ್ನೆಯೇ ಇಲ್ಲ. ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಮನೆಯಲ್ಲೇ ಮಾಡಿಕೊಂಡೆ. ಎಲ್ಲ ಸೇರಿ ಸುಮಾರು 14,000 ರೂಪಾಯಿ ಆಯಿತು.

ಮಾಡಿಕೊಂಡೆ ಅಂತ ಬರೆದೆ. ನಿಜ ಹೇಳಬೇಕೆಂದರೆ ನನ್ನ ಬಲಗೈ ಅದರಲ್ಲಿ ಇಲ್ಲವೇ ಇಲ್ಲ. 18 ಎಂಎಂ ಪ್ಲೈವುಡ್ಡಿನಿಂದ 25 ಬಿಲ್ಲೆ ಕತ್ತರಿಸಿ, ನಡುವೆ ತೂತು ಕೊರೆದು, ಒಂದರ ಮೇಲೊಂದು ಅಂಟಿಸಿ 18 ಇಂಚಿನ ಉರುಳೆ ಮಾಡಿದವನು ನನ್ನ ಶೆಡ್ಡಿನ ಹುಡುಗ. ಒಂದು ಸಲ ಅಲ್ಲ, ಎರಡು ಸಲ. ಯಾಕೆಂದರೆ ಮೊದಲನೆಯದು ಹಾಳಾಯಿತು.

ತಪ್ಪು ನನ್ನದೇ. ಉರುಳೆಯ ನಡುವೆ ಹಾಯುವ ಶಾಫ್ಟಿಗೆ ಗುಜರಿಯಿಂದ ಕಡಿಮೆ ರೇಟಿಗೆ ಒಂದು ಸರಳು ತಂದಿದ್ದೆ. ಕಣ್ಣಿಗೆ ನೇರ ಇತ್ತು. ಉರುಳೆ ಕೂರಿಸಿ ಮೋಟಾರ್ ಹಾಕಿದರೆ ಇಡೀ ಸ್ಟ್ಯಾಂಡ್ ನಡುಗಿತು. ಮೇಜಿನ ಮೇಲಿಟ್ಟ ಚಹಾದ ಲೋಟ ತನ್ನಷ್ಟಕ್ಕೆ ಜರುಗಿ ಕೆಳಗೆ ಬಿತ್ತು. ಎತ್ತಿಕೊಂಡು ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಗೊತ್ತಿದ್ದ, ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸುವ ಲೇತ್ ಮಾಮನ ಹತ್ತಿರ ಹೋದೆ. ಅವರಿಗೆ 70 ದಾಟಿದೆ. ಉರುಳೆಯನ್ನು ಲೇತಿಗೆ ಹಾಕಿ, ಶಾಫ್ಟಿನ ತುದಿಗೆ ಡಯಲ್ ಗೇಜ್ (ಸಣ್ಣ ಬಾಗನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಮುಟ್ಟಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಮುಳ್ಳು ಅತ್ತ ಹೋಯಿತು, ಇತ್ತ ಬಂತು. ಮತ್ತೊಂದು ಸುತ್ತು, ಮತ್ತೆ ಹಾಗೇ. ಅವರು ಏನೂ ಹೇಳದೆ ನನ್ನನ್ನು ಹತ್ತಿರ ಕರೆದು ಆ ಮುಳ್ಳನ್ನೇ ತೋರಿಸಿದರು. ಅರ್ಧ ಮಿಲಿಮೀಟರ್ ಬಾಗಿತ್ತು. "ಮರಕ್ಕೆ ಇದು ಸಾಕು ಅಂತ ಎಣಿಸಬೇಡ ಮಾರಾಯ. ಮೇಲಿಂದ ಎಷ್ಟು ಉಜ್ಜಿದ್ರೂ ಒಳಗಿನ ಬಾಗು ಹೋಗುದಿಲ್ಲ. ಬೇರೆ ಶಾಫ್ಟ್ ತಾ" ಅಂದರು.

25 ಬಿಲ್ಲೆಯೂ ದಂಡ. ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಇಷ್ಟಕ್ಕೇ ಬಿಟ್ಟುಬಿಡುವ ಅನಿಸಿತ್ತು.

ಶಾಫ್ಟ್ ಕೊಟ್ಟವರು ಮಲ್ಪೆಯಲ್ಲಿ ಬೋಟಿನ ಇಂಜಿನ್ ನೋಡುವ ಒಬ್ಬ ಅಣ್ಣ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ರಿಪೇರಿಯವರಿಗೆ ಅದೇ ಸೀಸನ್, ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಅವರು ನನಗಾಗಿ ಹಳೆ ರಾಶಿ ಕೆದಕಿ 30 ಎಂಎಂ ದಪ್ಪದ ಸ್ಟೀಲ್ ಶಾಫ್ಟಿನ ತುಂಡು ಹುಡುಕಿ ಕೊಟ್ಟರು. ದುಡ್ಡು ಕೊಡಹೋದರೆ, "ಬೋಟಿಗೆ ಗಿಡ್ಡ ಆಯ್ತು, ನಿಮಗೆ ಉದ್ದ ಉಂಟಲ್ಲ, ಕೊಂಡೋಗಿ" ಅಂದರು. ಲೇತ್ ಮಾಮ ಅದನ್ನು 25 ಎಂಎಂಗೆ ಇಳಿಸಿದರು. ಹೊಸ ಬಿಲ್ಲೆ ಕೂರಿಸಿ, ಜಾರದ ಹಾಗೆ ಎರಡು ತುದಿಗೂ ಪಿನ್ ಹೊಡೆದು, ಒಂದು ಭಾನುವಾರ ಇಡೀ ಉರುಳೆಯನ್ನು ಲೇತಿನ ಮೇಲೆ ಸರಿಯಾಗಿ 5 ಇಂಚಿಗೆ ತಂದುಕೊಟ್ಟರು. ಪ್ಲೈವುಡ್ಡಿನ ಧೂಳು ಅವರ ಲೇತಿನ ಎಣ್ಣೆಗೆಲ್ಲ ಮೆತ್ತಿಕೊಂಡಿತು. ಕಬ್ಬಿಣದ ಕೆಲಸದವರು ಇದನ್ನು ಸುಮ್ನೆ ಒಪ್ಪುವುದಿಲ್ಲ, ಅಲ್ವಾ? ಮಾಮ ಅರ್ಧ ದಿನ ಕೂತು ಲೇತ್ ಒರೆಸಿದರು. ಆ ದಿನದ ಕೂಲಿ ತೆಗೆದುಕೊಳ್ಳಲಿಲ್ಲ.

ಮೋಟಾರ್ ಒಂದು ಹೋಟೆಲಿನ ಹಿಟ್ಟು ರುಬ್ಬುವ ಗ್ರೈಂಡರಿನದು. 1 ಎಚ್‌ಪಿ, ನಿಮಿಷಕ್ಕೆ 1440 ಸುತ್ತು. ಗ್ರೈಂಡರಿನ ಕಲ್ಲು ಹೋಗಿತ್ತು, ಮೋಟಾರ್ ಗಟ್ಟಿ ಇತ್ತು. ಹೋಟೆಲಿನ ಭಟ್ಟರು ಗುಜರಿಗೆ ಹಾಕುವ ಬದಲು ನನಗೆ ಅದೇ ರೇಟಿಗೆ ಕೊಟ್ಟರು. ಬೇರಿಂಗ್ ಮತ್ತು ಬೆಲ್ಟ್ ಮಂಗಳೂರಿನ ಬಂದರು ಪೇಟೆಯಿಂದ ತಂದದ್ದು. ವಯರಿಂಗ್ ಮಾಡಿದ ಪಕ್ಕದ ಮನೆಯ ತಮ್ಮ ಕೈಗೆ ಸಿಗುವ ಜಾಗದಲ್ಲಿ ದೊಡ್ಡ ಕೆಂಪು ಸ್ವಿಚ್ ಹಾಕದೆ ಕರೆಂಟ್ ಕೊಡುವುದಿಲ್ಲ ಅಂತ ಹಟ ಹಿಡಿದ. ಮುಂದೆ ಒಂದು ದಿನ ನಾನು ತೀರಾ ಗಿಡ್ಡ ತುಂಡು ತಳ್ಳಿ, ಅದು ಹಿಂದಕ್ಕೆ ಹಾರಿ ಬಾಗಿಲಿಗೆ ಬಡಿದಾಗ ಎಡಗೈ ಹೋದದ್ದು ಆ ಕೆಂಪು ಸ್ವಿಚ್ಚಿಗೆ. ಉರುಳೆ ತಿರುಗುವ ದಿಕ್ಕಿಗೆ ಎದುರಾಗಿ ಮರ ತಳ್ಳಬೇಕು, ಮರದ ನೇರ ಹಿಂದೆ ನಿಲ್ಲಬಾರದು. ಪಕ್ಕಕ್ಕೆ ನಿಂತಿದ್ದೆ, ಪೆಟ್ಟಾಗಲಿಲ್ಲ.

ಮಗಳ ವಿಷಯ ಬರೆಯದಿದ್ದರೆ ಆಗದು. 4 ಇಂಚು ಅಗಲದ ಎಮರಿ ಪಟ್ಟಿಯನ್ನು, ಅಂದರೆ ಉದ್ದನೆಯ ಸ್ಯಾಂಡ್ ಪೇಪರನ್ನು, ಉರುಳೆಗೆ ಓರೆಯಾಗಿ ಸುತ್ತಬೇಕು, ಹಾವು ಸುತ್ತಿದ ಹಾಗೆ. ಎರಡು ತುದಿಯನ್ನೂ ಓರೆ ಕತ್ತರಿಸದಿದ್ದರೆ ಅಂಚಿಗೆ ಕೂರುವುದಿಲ್ಲ. ಎಷ್ಟು ಓರೆ? ನಾನು ಅಂದಾಜಿನಲ್ಲಿ ಕತ್ತರಿಸಿ ಎರಡು ಪಟ್ಟಿ ಹಾಳು ಮಾಡಿದೆ. ಎಂಟನೇ ಕ್ಲಾಸಿನ ಮಗಳು ನೋಡುತ್ತಾ ಕೂತಿದ್ದಳು. "ಅಪ್ಪ, ಒಂದು ಸುತ್ತು ಬರುವಷ್ಟರಲ್ಲಿ ಪಟ್ಟಿ ಪೂರ್ತಿ ಅಗಲ ಆಗ್ಬೇಕಲ್ವಾ? ಹಾಗಾದ್ರೆ ಓರೆ ಒಂದು ಸುತ್ತಿನಷ್ಟು ಉದ್ದ ಇರ್ಬೇಕು" ಅಂದಳು. 5 ಇಂಚನ್ನು 3.14ರಿಂದ ಗುಣಿಸಿದಳು, 15.7 ಇಂಚು ಬಂತು. ಹಳೆ ಉದಯವಾಣಿಯನ್ನು ಉದ್ದಕ್ಕೆ ಅಂಟಿಸಿ ಪಟ್ಟಿ ಕತ್ತರಿಸಿ ಉರುಳೆಗೆ ಸುತ್ತಿ ನೋಡಿದಳು. ಅಂಚಿಗೆ ಅಂಚು ಕೂತಿತು. ಒಂದು ಕೂದಲಿನಷ್ಟೂ ಸಂದು ಇಲ್ಲ. ಆ ಕಾಗದದ ಅಚ್ಚು ಈಗಲೂ ಶೆಡ್ಡಿನ ಗೋಡೆಯಲ್ಲಿದೆ. ಏಳು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಪ್ರತಿ ಹೊಸ ಪಟ್ಟಿಯನ್ನೂ ಅದರ ಮೇಲಿಟ್ಟೇ ಕತ್ತರಿಸುತ್ತೇವೆ.

ಡಾಕ್ಟರಮ್ಮನಿಗೆ ಎರಡು ಸಲ ಥ್ಯಾಂಕ್ಸ್. ಹೆಗಲು ತೋರಿಸಲು ಹೋದವನ ಕೆಮ್ಮು ಕೇಳಿ ಎದೆಯನ್ನೂ ನೋಡಿದರು. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ ಅಂತ ಕೂರಿಸಿ ತಿಳಿಸಿದರು. ಇಷ್ಟು ವರ್ಷ ಮೂಗಿಗೆ ಬೈರಾಸು ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಈಗ ಉರುಳೆಯ ಮೇಲೆ ಪ್ಲೈವುಡ್ಡಿನ ಮುಚ್ಚಳ ಇದೆ, ಅದಕ್ಕೆ ವ್ಯಾಕ್ಯೂಮಿನ ಪೈಪ್ ಇದೆ, ನಮ್ಮಿಬ್ಬರ ಮುಖಕ್ಕೂ ಸರಿಯಾದ ಮಾಸ್ಕ್ ಇದೆ. ಹಲಸಿನ ಧೂಳು ಅರಸಿನದ ಹಾಗೆ ಹಳದಿ. ಮೊದಲೆಲ್ಲ ಸಂಜೆ ಮನೆಗೆ ಹೋದರೆ ತಲೆ, ಹುಬ್ಬು, ಅಂಗಿ ಎಲ್ಲ ಹಳದಿ. ಈಗ ಆ ಹಳದಿ ಡಬ್ಬಿಯೊಳಗೆ ಬೀಳುತ್ತದೆ.

ದೀಪಾವಳಿಯ ಮರುದಿನ ಮೊದಲ ಮಣೆ ಹಾಕಿದೆವು. ಮೇಜು ಏರಿಸಿ ಇಳಿಸಲು ಅದರ ಒಂದು ಬದಿಗೆ ಬಿಜಾಗರಿ, ಇನ್ನೊಂದು ಬದಿಯ ಕೆಳಗೆ 12 ಎಂಎಂ ಬೋಲ್ಟ್. ಅದರ ಥ್ರೆಡ್ ಒಂದು ಸುತ್ತಿಗೆ 1.75 ಎಂಎಂ ಏರುತ್ತದೆ. ಉರುಳೆ ಸರಿ ನಡುವಿನಲ್ಲಿ ಇರುವುದರಿಂದ ಅಲ್ಲಿ ಅದರ ಅರ್ಧ. ಕಾಲು ಸುತ್ತು ಅಂದರೆ ಸುಮಾರು 0.2 ಎಂಎಂ. 1 ಎಚ್‌ಪಿ ಮೋಟಾರಿಗೆ ಅಷ್ಟೇ ಹಿತ. ಆಸೆಯಿಂದ ಜಾಸ್ತಿ ಏರಿಸಿದರೆ ಮರ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ಹುಡುಗ ಈ ಕಡೆಯಿಂದ ತಳ್ಳಿದ, ನಾನು ಆ ಕಡೆ ಎಡಗೈಯಲ್ಲಿ ಹಿಡಿದೆ. ನಾಲ್ಕು ಸಲ ಹಾಕಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆವು. ಸಿಬಿರು ಇಲ್ಲ, ಗೆರೆ ಇಲ್ಲ. ನಾರು ಅತ್ತ ಇತ್ತ ಓಡಿದ್ದು ರೇಷ್ಮೆ ಸೀರೆಯ ಮಡಿಕೆಯ ಹಾಗೆ ಹೊಳೆಯಿತು. ನನಗೆ ಕಣ್ಣಲ್ಲಿ ನೀರು ಬಂತು. ಹುಡುಗ ಆಚೆ ತಿರುಗಿ ಸುಮ್ನೆ ಮುಂದಿನ ಮಣೆ ಎತ್ತಿಕೊಂಡ.

ದೇವಸ್ಥಾನದ ಮೊಕ್ತೇಸರರಿಗೆ ನಾನು ಮೂರು ಸಲ ಹೋಗಿ ತಡ ಆಗುತ್ತದೆ ಅಂದಿದ್ದೆ. ಮುಂಗಡ ವಾಪಸ್ ಕೊಡಲೂ ಹೋಗಿದ್ದೆ. ಅವರು ತೆಗೆದುಕೊಳ್ಳಲಿಲ್ಲ. "ಇಷ್ಟು ದಿನ ನೆಲದ ಮೇಲೆ ಕೂತು ಉಂಡಿದ್ದೇವೆ, ಇನ್ನೂ ನಾಲ್ಕು ತಿಂಗಳು ಕೂರ್ತೇವೆ. ನೀವು ಕೈ ನೋಡಿಕೊಳ್ಳಿ" ಅಂದರು. ಆ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ.

ನನ್ನ ಹೆಂಡತಿಗೆ ಇಲ್ಲಿ ಏನು ಬರೆಯಲಿ ಅಂತ ಗೊತ್ತಾಗುತ್ತಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ, ಹೆಗಲಿಗೆ ಬಿಸಿ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿಸಿದಳು. ಕೈ ಎಲ್ಲಿಯವರೆಗೆ ಹೋಯಿತು ಅಂತ ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಳು. ಜುಲೈ ತಿಂಗಳ ಗೀಟು ನನ್ನ ಎದೆಯ ಮಟ್ಟದಲ್ಲಿದೆ. ನಿನ್ನೆಯದು ತಲೆಗಿಂತ ಒಂದು ಗೇಣು ಮೇಲೆ.

ಈಗ ಮೆಷಿನ್ ಇದೆ, ದಿನಾ ಕೆಲಸ ಇಲ್ಲ. ಆಸುಪಾಸಿನ ಆಚಾರ್ರು, ಮರಗೆಲಸ ಕಲಿಯುವ ಮಕ್ಕಳು ಯಾರಿಗೆ ಬೇಕಾದರೂ ಭಾನುವಾರ ಬೆಳಿಗ್ಗೆ ಶೆಡ್ ತೆರೆದಿರುತ್ತದೆ. 18 ಇಂಚಿನೊಳಗಿನ ಯಾವ ಹಲಗೆಯಾದರೂ ಹೋಗುತ್ತದೆ. ಅಳತೆ ಬೇಕಾದವರು ಬರೆದುಕೊಂಡು ಹೋಗಿ, ಮಗಳ ಅಚ್ಚಿನ ಮೇಲೆ ಪಟ್ಟಿ ಕತ್ತರಿಸಿಕೊಂಡು ಹೋಗಿ. ಹಳೆ ಮರ ತರುವವರು ಮಾತ್ರ ಮೊಳೆ ಉಳಿದಿದೆಯಾ ಅಂತ ಸರಿಯಾಗಿ ನೋಡಿಕೊಂಡು ಬನ್ನಿ. ಒಂದು ಮೊಳೆ ಸಾಕು, ಏಳು ಅಡಿ ಪಟ್ಟಿ ಹರಿದು ಹೋಗುತ್ತದೆ.